ಮದುವೆಯಾಗದವಳ ಮಾತ್ರೆ

"ನಿಮ್ಮ ಯಜಮಾನರೆಲ್ಲಿ?"

ಮೆಡಿಕಲ್ ಶಾಪಿನ ಓಂಕಾರಮೂರ್ತಿ ಡಾಕ್ಟರ ಚೀಟಿ ನೋಡಿ ಗಟ್ಟಿಯಾಗಿ ಕೇಳಿದ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಶಿವಗಂಗಾಳ ಮುಖ ಕೆಂಪೇರಿತು. "ನನಗಿನ್ನೂ... ಮದುವೆ ಆಗಿಲ್ಲ."

"ಮತ್ತೆ ಈ ಮಾತ್ರೆ ಯಾಕಮ್ಮ? ಕೊಡೋಕಾಗಲ್ಲ!"

ಬೆಂಚಿನಲ್ಲೊಬ್ಬ ಕಿಸಕ್ಕನೆ ನಕ್ಕ. "ಕಾಲ ಕೆಟ್ಟೋಯ್ತು ಮಾರಾಯ!"

ಅವಳು ಚೀಟಿ ಕಿತ್ತುಕೊಂಡು ತನ್ನೂರು ಗೋಣಿಬೀಡಿನ ಬಸ್ಸಿಗೆ ಓಡಿದಳು. ಅಯ್ಯೋ, ಭೂಮಿ ಬಾಯಿ ಬಿಡಬಾರದೇ...

ಅದು ಎಪ್ಪತ್ತೆಂಟನೇ ಇಸವಿ. ಔಷಧಿಯನ್ನು ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದ, ಬಸ್ಸಿನೊಳಗೂ ಕಾಫಿ ಹೂವಿನ ಘಮ ನುಗ್ಗುತ್ತಿದ್ದ ಆ ಚೆಂದದ ಮೂಡಿಗೆರೆ! ಆದರೆ ಗೋಡೆಗೋಡೆಗೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಬಸಿರು ತಡೆಯುವ ಆ ಮಾತ್ರೆ ಅಂದರೆ ಊರಿಗೆ ಒಂದೇ ಅರ್ಥ. ಹೆಣ್ಣಿನ ನೋವು ಕೇಳಲು ಯಾರಿಗಿತ್ತು ಪುರುಸೊತ್ತು? ಥೂ!

ಮಾತು ಗೋಣಿಬೀಡಿಗೂ ಹಬ್ಬಿ, ಅವಳು ನಡೆಸುತ್ತಿದ್ದ ಹೊಲಿಗೆ ಕ್ಲಾಸಿಗೆ ಹುಡುಗಿಯರು ಬರುವುದು ನಿಂತಿತು. ಅವಳು ಮಾತ್ರೆಯ ಸುದ್ದಿಯೇ ಬೇಡವೆಂದಳು. ಮುಂದಿನ ತಿಂಗಳು ಶುರುವಾದ ರಕ್ತಸ್ರಾವ ನಿಲ್ಲಲೇ ಇಲ್ಲ...

ಅವಳನ್ನು ಸೇರಿಸಿದ ಆಸ್ಪತ್ರೆಯ ಲೇಡಿ ಡಾಕ್ಟರು ನೇರ ಓಂಕಾರಮೂರ್ತಿಯ ಅಂಗಡಿಗೇ ಬಂದರು.

"ಹಾರ್ಮೋನ್ ಏರುಪೇರಾದ್ರೆ ಮುಟ್ಟು ಹತೋಟಿಗೆ ತರೋಕೂ ಇದೇ ಮಾತ್ರೆ ಕಣಯ್ಯಾ! ಬರೆದವಳು ನಾನು. ನನ್ನನ್ನ ಕೇಳಬಾರದಿತ್ತಾ?"

ಓಂಕಾರಮೂರ್ತಿ ಕೈಲಿದ್ದ ಪೊಟ್ಟಣ ಕೆಳಗಿಟ್ಟ. "ಅವರು... ಹೇಗಿದ್ದಾರೆ?"

"ಉಳಿದಿದಾಳೆ. ಆದ್ರೆ ಮಾತ್ರೆ ಮುಟ್ಟಲ್ಲ ಅಂತಾಳೆ."

ಅವನು ಮಾತ್ರೆ ಹಿಡಿದು ವಾರ್ಡಿಗೆ ಓಡಿದ. ಕಂಡೊಡನೆ ಅವಳು ಗೋಡೆಗೆ ಮುಖ ಮಾಡಿದಳು.

"ಇನ್ನೂ ಯಾರಿಗಾದ್ರೂ ಸಾರೋದು ಬಾಕಿ ಇದೆಯಾ?"

"ತಪ್ಪಾಯ್ತು. ಮನೆಮನೆಗೂ ಹೋಗಿ ನಿಜ ಹೇಳ್ತೀನಿ..."

"ನನ್ನ ಮುಟ್ಟಿನ ಕತೆ ಊರಿಗೆಲ್ಲ ಹಂಚ್ತೀರಾ? ಬೇಡ ಮಹಾರಾಯರೇ!"

"ಹಾಗಾದ್ರೆ... ತಪ್ಪು ನನ್ನದು ಅಂತಷ್ಟೇ ಹೇಳ್ತೀನಿ. ನೀವು ಮಾತ್ರೆ ತಗೊಳ್ಳಿ. ದಮ್ಮಯ್ಯ!"

ಅವನ ಕಣ್ಣು ತುಂಬಿತ್ತು. ಅವಳು ಮಾತ್ರೆಗೆ ಕೈ ಚಾಚಿದಳು.

ಹೇಳಿದಂತೆಯೇ ಮಾಡಿದ. ಆ ಬೆಂಚಿನವರ ಎದುರೇ ತಪ್ಪೊಪ್ಪಿಕೊಂಡ. ನಕ್ಕವನನ್ನು ಎಬ್ಬಿಸಿ ಕಳಿಸಿದ. ಹುಡುಗಿಯರು ಒಬ್ಬೊಬ್ಬರಾಗಿ ಕ್ಲಾಸಿಗೆ ಮರಳಿದರು.

ಪ್ರತಿ ತಿಂಗಳು ಗೋಣಿಬೀಡಿಗೆ ಮಾತ್ರೆ ತಲುಪಿಸಿದ್ದೂ ಅವನೇ. ಮೊದಮೊದಲು ಗೇಟಿನಾಚೆ. ಆಮೇಲೆ ಜಗಲಿ. ಮಳೆಗಾಲದ ಹೊತ್ತಿಗೆ ಒಂದು ಲೋಟ ಕಾಫಿ... ಎಂಥ ದಿನಗಳವು!

ಕಾಫಿ ಕುಯ್ಲಿನ ಕಾಲಕ್ಕೆ ಅವಳೇ ಬಾಗಿಲಲ್ಲಿ ಕಾದಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು.

"ಇನ್ನು ಮಾತ್ರೆ ಬೇಡವಂತೆ. ಡಾಕ್ಟ್ರು ನಿಲ್ಲಿಸಿದ್ರು."

ಅವನ ಮುಖ ಬಾಡಿತು.

"ಯಾಕ್ರೀ, ವ್ಯಾಪಾರ ಹೋಯ್ತು ಅಂತಾನಾ?"

"ಅಲ್ಲ... ಇಲ್ಲಿಗೆ ಬರೋಕೆ ಇನ್ನೇನು ನೆಪ ಹೇಳಲಿ ಶಿವಗಂಗಾ?"

ಮೊದಲ ಬಾರಿ ಅವಳ ಹೆಸರು ಹಿಡಿದು ಕರೆದಿದ್ದ! ಅವಳು ಸೆರಗಿನ ಅಂಚು ಸುತ್ತುತ್ತ ನೆಲ ನೋಡಿದಳು.

"ನಿಮ್ಮ ಅಮ್ಮನ್ನ ಕರ್ಕೊಂಡು ಬನ್ನಿ. ಆಮೇಲೆ ನೆಪ ಬೇಕಾಗಲ್ಲ."