ಕೌದಿ ಪುಟ ಅಳಿಸಿದ ಕೈ

"ಅಕ್ಕಾರ, ನಮ್ಮ ಪುಟಾನ ಯಾರೋ ಕೊಂದ ಹಾಕ್ಯಾರರಿ!"

ಮೆಹೆರಾಜ ಹೀಗೆ ಕೂಗುತ್ತ ಬಂದಾಗ ಗುರುಬಸವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅವಳು ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದ ಮೇಲೆ ಬೈಲಹೊಂಗಲದ ಕಳವು, ಮೋಸ, ಕಾಣೆಯಾದ ದಾಗೀನು ಎಲ್ಲವೂ ಮೊದಲು ಬರುವುದು ಈ ಪಡಸಾಲೆಗೆ, ಆಮೇಲೆ ಪೊಲೀಸರಿಗೆ. ಅವಳು ಬಿಡಿಸಿದ್ದನ್ನೆಲ್ಲ ಬರೆದಿಡುವವಳು ನಾನು, ಶಟ್ಟೆವ್ವ, ಇಪ್ಪತ್ತೆರಡು ವರ್ಷಗಳಿಂದ ಅವಳ ಗೆಳತಿ.

ಮೆಹೆರಾಜ ಹಳೆಯ ಸೀರೆಗಳಿಂದ ಕೌದಿ ಹೊಲಿಸಿ ಮಾರುವವಳು. ಗೂಗಲ್‌ನಲ್ಲಿ 'ಕೌದಿ' ಎಂದು ಹುಡುಕಿದರೆ ಮೊದಲು ಕಾಣುತ್ತಿದ್ದದ್ದು ಅವಳ ವೆಬ್‌ಸೈಟಿನ ಪುಟವೇ. ಈಗ ಎಷ್ಟು ಕೆಳಗಿಳಿದರೂ ಅದರ ಸುಳಿವಿಲ್ಲ.

"ಇದು ಶಬನಮ್ ಮಾಡಿದ್ದರಿ. ಮಂಗಳವಾರ ನನ್ನ ಕೂಡ ಜಗಳಾ ತಗದಿದ್ಲು, ಅವತ್ತ ಮಧ್ಯಾಹ್ನ ಅಳಿಸ್ಯಾರ. ಈ ಹುಡುಗೀನ ನಂಬಬ್ಯಾಡ್ರಿ ಅಂತ ಅಕಿ ಕಡೆ ವೆಬ್‌ಸೈಟ್ ಮಾಡಿಸಾಕ ಹತ್ತಿದ್ದ ಸವದತ್ತಿ ಲಾಡ್ಜಿನವರಿಗೆ ಫೋನ್ ಮಾಡಿ ಹೇಳೇನಿ. ಸಂಜೀತನಕ ತಡೀತೇನಿ. ಆಮ್ಯಾಲೆ ರಾಮದುರ್ಗ, ಕಿತ್ತೂರ, ಅಕಿ ಕಡೆ ವೆಬ್‌ಸೈಟ್ ಮಾಡಿಸಿದ ಎಲ್ಲಾರಿಗೂ ಹೇಳತೇನಿ."

ಹೇಳಿದರೆ ಶಬನಮ್‌ಳ ಅನ್ನಕ್ಕೇ ಕಲ್ಲು ಬೀಳುತ್ತಿತ್ತು. ಸಂಪಗಾಂವದ ಆ ಹುಡುಗಿ ಬದುಕುವುದೇ ವೆಬ್‌ಸೈಟ್ ಮಾಡಿಕೊಡುವ ಕೆಲಸದಿಂದ. ನನಗೆ ಮರುಕ ಬರಬೇಕಿತ್ತು, ಬಂದದ್ದು ಖುಷಿ. ಎರಡು ತಿಂಗಳಿಂದ ಅವಳು ಗುರುಬಸವ್ವನಿಗೆ ಫೋನ್ ಕಲಿಸುವ ನೆಪದಲ್ಲಿ ಬಂದು ಪಡಸಾಲೆಯಲ್ಲಿ ಕಾಲು ಚಾಚಿ ಕೂಡುತ್ತಿದ್ದಳು. ಅವಳಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ, ನನಗೆ ಸ್ಟೀಲಿನ ಲೋಟದಲ್ಲಿ. ಮಾತೆತ್ತಿದರೆ 'ಮಗಳ, ಮಗಳ'. ಇಷ್ಟು ವರ್ಷದಲ್ಲಿ ನನ್ನನ್ನು ಅಷ್ಟು ಅಕ್ಕರೆಯಿಂದ ಅವಳು ಒಮ್ಮೆಯೂ ಕರೆದದ್ದಿಲ್ಲ.

ನಾವು ಹೋದಾಗ ಮೆಹೆರಾಜಳ ಮನೆಯಲ್ಲಿ ಅವಳಿಗೆ ಕೌದಿ ಹೊಲಿದುಕೊಡುವ ಕಾಶಿಂಬಿ ಮತ್ತು ಕೆಂಪವ್ವ ಒಂದೊಂದು ಕೌದಿ ಹಿಡಿದು ಕೊನೆಯ ಹೊಲಿಗೆ ಹಾಕುತ್ತಿದ್ದರು. ನಡುವೆ ಅಂಗೈಯಷ್ಟು ಜಾಗ ಬಿಟ್ಟು, ಅದರೊಳಗೆ ತಿನ್ನುವ ವಸ್ತು ಏನಾದರೂ ಇಟ್ಟೇ ಬಾಯಿ ಹೊಲಿಯುವುದು ಅವರ ರೂಢಿ. ಕಾಶಿಂಬಿ ಬೆಲ್ಲದ ಚೂರು ಇಟ್ಟಳು, ಕೆಂಪವ್ವ ಕೊಬ್ಬರಿ.

"ಹೊಟ್ಟಿ ಹಸದ ಕೌದಿ ಹೊದ್ದವರಿಗೆ ನಿದ್ದಿ ಹತ್ತಂಗಿಲ್ಲರಿ," ಎಂದಳು ಕೆಂಪವ್ವ. "ಒಂದೊಂದ ಮನೀದು ಒಂದೊಂದ ಪದ್ಧತಿ."

ಅಷ್ಟರಲ್ಲಿ ಶಬನಮ್ ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು. ಗುರುಬಸವ್ವ ಅವಳನ್ನು ಹೊರಗೆ ನಿಲ್ಲಿಸಿಯೇ ಕೇಳಿದಳು, "ಮಗಳ, ಈ ಕೌದಿ ನಟ್ಟನಡುವ ಏನಿರತೈತಿ?"

"ಹಳೇ ಸೀರಿ. ಮತ್ತೇನಿರತೈತ್ರಿ?"

ಒಳಗೆ ಬಂದ ಮೇಲೆ ಮೆಹೆರಾಜಳ ಫೋನಿನಲ್ಲಿ ಪುಟ ತೆರೆದು ಶಬನಮ್ ವಿವರಿಸಿದಳು. "ಈ ಫೋನ್ ದಿನಾ ಇಲ್ಲೇ ಬಿದ್ದಿರತೈತ್ರಿ. ಪುಟದಾಗ ಬರಿಯೂ ಡಬ್ಬಿ ಎಲ್ಲಾ ತುಂಬಾಕ ಕೆಂಪವ್ವಗ ಕಲಿಸೇನಿ. ಕಾಶಿಂಬಿ ಉರ್ದು ಸಾಲ್ಯಾಗ ಕಲ್ತಾರ, ಕನ್ನಡ ಬರಿಯಾಕ ಬರೂದಿಲ್ಲ, ಫೋಟೋ ಅಷ್ಟ ಏರಸ್ತಾರ. ಗೂಗಲ್‌ಗ ನಮ್ಮಂಗ ಕಣ್ಣಿಲ್ಲರಿ. ಪುಟದ ತಲೆಬರಹ, ಎರಡ ಸಾಲಿನ ವಿವರಣೆ, ಒಳಗಿನ ಶೀರ್ಷಿಕೆ, ಫೋಟೋದ ಹಿಂದ ಮಂದಿಗೆ ಕಾಣದಂಗ ಬರದ ಮಾತು, ಇವನ್ನ ಓದಿ ಯಾವ ಪುಟ ಮುಂದ ಇಡಬೇಕಂತ ತಿಳಕೋತೈತಿ. ಮಂಗಳವಾರ ಮಧ್ಯಾಹ್ನ ಇದ ಫೋನಿಂದ ಅವನ್ನೆಲ್ಲಾ ಒರಸ್ಯಾರಂತ ಇಲ್ಲೇ ತೋರಸತೈತ್ರಿ."

"ಜಗಳಾ ಯಾಕಾತು?"

"ಮೆಹೆರಾಜಕ್ಕಾರು ಪುಟದ ಒಂಬತ್ತೂ ಫೋಟೋದ ಹಿಂದ 'ಮೆಹೆರಾಜ ಹೊಲಿದ ಕೌದಿ' ಅಂತ ಬರಸಿದ್ರರಿ. ಒಂದ ಮಾತ ಎಲ್ಲಾ ಕಡೆ ತುರುಕಿದ್ರ ಪುಟಾ ಹಿಂದ ಬೀಳತೈತಿ, ಹೊಲಿದವರ ಹೆಸರ ಬರಿಯೂಣು ಅಂದೆ. ಈ ಇಬ್ಬರ ಎದರಿಗೇ ನನ್ನ ಬೈದ್ರು."

ಗುರುಬಸವ್ವ ಮೆಹೆರಾಜಳೊಡನೆ ಒಳಗೆ ಹೋದಳು. ಫೋನ್ ನನ್ನ ಕೈಗೆ ಬಂತು. ಫೋಟೋಗಳ ಹಿಂದಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದೆ. ಎಂಟು ಖಾಲಿ. ನಡುವಿನ ಫೋಟೋದ ಹಿಂದೆ ಒಂದೇ ಪದವಿತ್ತು: ಕೊಬ್ಬರಿ.

ಬರೆದವರು ಯಾರೇ ಇರಲಿ, ಶಬನಮ್ ಅಂತೂ ಅಲ್ಲ. ಆ ಮಾತು ನಾಲಿಗೆ ತುದಿಗೆ ಬಂದಿತ್ತು. ನಾನು ಫೋನನ್ನು ಬೋರಲು ಇಟ್ಟು ಸುಮ್ಮನೆ ಕುಳಿತೆ. ಹೋಗಲಿ, ಇನ್ನು ಮೇಲೆ ಅವಳು ಪಡಸಾಲೆಗೆ ಬರುವುದಿಲ್ಲವಲ್ಲ ಎಂದುಕೊಂಡೆ.

ಸಂಜೆ ಐದಕ್ಕೆ ಗುರುಬಸವ್ವ ಎಲ್ಲರನ್ನೂ ಸಾಲಾಗಿ ಕೂಡಿಸಿದಳು. ಸಾಲೆ ಬಿಟ್ಟರೂ ಆ ಚಟ ಅವಳನ್ನು ಬಿಟ್ಟಿಲ್ಲ.

"ಮೊದಲಿಂದ ಹೇಳತೇನಿ. ಅಳಿಸಿದ್ದು ಇದ ಮನಿ ಫೋನಿಂದ, ಅಂದ್ರ ಹೊರಗಿನವರಲ್ಲ. ಶಬನಮ್‌ಗ ಸೇಡ ಇದ್ದಿದ್ರ ಪುಟಾ ಪೂರಾ ಕಿತ್ತ ಹಾಕತಿದ್ಲು, ಅದ ಹೆಂಗಂತ ಅಕಿಗೆ ಗೊತ್ತು. ಅಳಿಸಿದವರು ಅಕಿ ಕಲಿಸಿದ ಡಬ್ಬಿ ಅಷ್ಟ ಮುಟ್ಟ್ಯಾರ. ಇನ್ನ, ನಡುವಿನ ಫೋಟೋದ ಹಿಂದ 'ಕೊಬ್ಬರಿ' ಅಂತ ಬರದೈತಿ. ಕೌದಿ ಒಳಗ ತಿನ್ನೂದು ಇಡತಾರಂತ ಶಬನಮ್‌ಗ ಗೊತ್ತಿಲ್ಲ. ಕಾಶಿಂಬಿಗೆ ಕನ್ನಡ ಬರಿಯಾಕ ಬರೂದಿಲ್ಲ, ಅವರ ಮನಿ ರೂಢಿನೂ ಬೆಲ್ಲ. ಕೆಂಪವ್ವನ ಸಿಕ್ಕಿಸಾಕ ಬ್ಯಾರೆ ಯಾರರ ಬರದಿದ್ರ, ನಾಕ ಮಂದಿಗೆ ಕಾಣೂ ಜಾಗಾದಾಗ ಬರೀತಿದ್ರು. ಹೌದಲ್ಲ ಕೆಂಪವ್ವಾ?"

ಕೆಂಪವ್ವ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ಹೌದರಿ, ನಾನಽ. ಒಂಬತ್ತರಾಗ ಆರು ನಾ ಹೊಲದವು. ಅವುಗಳ ಬೆನ್ನಿಗೆ ಇನ್ನೊಬ್ಬಾಕಿ ಹೆಸರು! ಅವತ್ತ ಕೇಳಿದಾಗ ಹೊಟ್ಟಿ ಉರದ ಹೋತು. ಎಲ್ಲಾ ಒರಸಿದೆ. ನಡುವಿಂದು ನನ್ನ ಮಗಳ ಸೀರಿ ಹಾಕಿ ಹೊಲದ ಕೌದಿ. ಅದನ್ನ ಖಾಲಿ ಬಿಡಾಕ ಕೈ ಬರಲಿಲ್ಲ."

ಮೆಹೆರಾಜ ಸವದತ್ತಿ ಲಾಡ್ಜಿಗೆ ಫೋನ್ ಹಚ್ಚಿ, ನಮ್ಮೆಲ್ಲರ ಎದುರಿಗೆ, "ತಪ್ಪ ನಂದರಿ. ಆ ಹುಡುಗಿ ಮ್ಯಾಲೆ ಸುಳ್ಳ ಹೇಳಿದೆ," ಎಂದಳು. ಫೋನ್ ಇಟ್ಟು ಶಬನಮ್ ಕಡೆ ತಿರುಗಿದಳು. "ಯಾರ ಹೊಲದಾರ, ಅವರ ಹೆಸರ ಬರಿ, ಬೇಟಿ."

ಇಲ್ಲಿಗೆ ಮುಗಿಯಿತೆಂದು ನಾನು ಏಳುವವಳಿದ್ದೆ.

"ಕುಂಡ್ರು," ಎಂದಳು ಗುರುಬಸವ್ವ. "ನಾ ಫೋನ್ ತಗೊಂಡಾಗ ಕೊಬ್ಬರಿ ಅಂತ ಬರದ ಡಬ್ಬಿ ತೆರದ ಇತ್ತು. ಅದಕ್ಕೂ ಮೊದ್ಲ ಫೋನ್ ನಿನ್ನ ಕೈಯಾಗಿತ್ತು, ಶಟ್ಟೆವ್ವಾ."

ಸುಳ್ಳು ಹೇಳಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಅವಳೆದುರು ಯಾರ ಸುಳ್ಳೂ ನಿಂತದ್ದನ್ನು ನಾನು ಕಂಡಿಲ್ಲ.

"ನೋಡಿದ್ದೆ. ಹೇಳಲಿಲ್ಲ," ಎಂದೆ.

ಶಬನಮ್ ನನ್ನನ್ನೇ ನೋಡಿದಳು. "ಯಾಕರಿ ಶಟ್ಟೆವ್ವಾರ? ನಾ ನಿಮಗೇನ ಮಾಡಿದ್ದೆ?"

"ಏನೂ ಮಾಡಿಲ್ಲವಾ. ಇಕಿ ನಿನ್ನ ಮಗಳ ಅಂತ ಕರೀತಾಳ. ಅದು ನನಗ ತಡಕೊಳ್ಳಾಕ ಆಗಲಿಲ್ಲ."

ಅರವತ್ತು ದಾಟಿದ ಹೆಂಗಸಿನ ಬಾಯಲ್ಲಿ ಇಂಥ ಮಾತು ಕೇಳಿ ಅವರು ನಗಬಹುದಿತ್ತು. ನಕ್ಕಿದ್ದರೆ ನನಗೂ ಹಗುರವಾಗುತ್ತಿತ್ತು. ಗುರುಬಸವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಶಬನಮ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು.

ಕೆಂಪವ್ವ ಮಾತ್ರ ತನ್ನ ಜಾಗ ಬಿಟ್ಟು ಎದ್ದು ಬಂದು, ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಳು.