ಬೆನ್ನು ತಟ್ಟುವ ಸದ್ದು

ನಂದೂರಿನ ಬೇಳೆ ಮಿಲ್ಲಿನಲ್ಲಿ ನನ್ನದು ಕಂಪ್ಯೂಟರ್ ಕೆಲಸ. ಕಮಲಾಪುರದ ಮನೆಯಲ್ಲಿ ನಾನು ಮತ್ತು ಆರು ವರ್ಷದ ಮಗಳು ಶಾಂಭವಿ, ಇಬ್ಬರೇ. ಮಧ್ಯಾಹ್ನ ಶಾಲೆಯಿಂದ ಬಂದು ಅವಳು ಒಬ್ಬಳೇ ಮಲಗುತ್ತಾಳೆ. ಅದಕ್ಕೆಂದೇ ನನ್ನ ಹಳೆಯ ಮೊಬೈಲನ್ನು ಗೋಡೆಗೆ ಸಿಕ್ಕಿಸಿ, ಅದನ್ನು ಕ್ಯಾಮೆರಾ ಮಾಡುವ ಆ್ಯಪ್ ಹಾಕಿದ್ದೆ. ಮಿಲ್ಲಿನಲ್ಲಿ ಕೂತೇ ಅವಳನ್ನು ನೋಡಬಹುದು, ಗುಂಡಿ ಒತ್ತಿ ಮಾತಾಡಿಸಬಹುದು.

ಕಳೆದ ಶುಕ್ರವಾರ ಇಯರ್‌ಫೋನಿನಲ್ಲಿ ಬೆನ್ನು ತಟ್ಟುವ ಸದ್ದು ಕೇಳಿತು. ಅವಳನ್ನು ಮಲಗಿಸುವಾಗ ನಾನು ಮೂರು ಸಲ ತಟ್ಟಿ ಒಮ್ಮೆ ಸವರುತ್ತೇನೆ. ಇದೂ ಹಾಗೆಯೇ ಇತ್ತು. ಸ್ಕ್ರೀನಿನಲ್ಲಿ ಮಗಳು ಒಬ್ಬಳೇ ಇದ್ದಳು. ಪ್ರತಿ ಸದ್ದಿಗೂ ಅವಳ ಬೆನ್ನ ಮೇಲಿನ ಅಂಗಿ ಒಳಕ್ಕೆ ತಗ್ಗುತ್ತಿತ್ತು.

ಪಕ್ಕದ ಮನೆಯ ನಾಗರತ್ನಾಳಿಗೆ ಫೋನ್ ಮಾಡಿದೆ.

"ನಾ ಹೊರಗ ಕಟ್ಟಿ ಮ್ಯಾಲೇ ಕುಂತೀನ್ರೀ ಅಕ್ಕಾ. ಒಂದು ಬೆಕ್ಕೂ ಒಳಗ ಹೋಗಿಲ್ಲ. ಆ ಮೊಬೈಲ್ ನಿಮಗ ಹುಚ್ಚು ಹಿಡಸ್ತದ ನೋಡ್ರಿ," ಎಂದು ನಕ್ಕಳು.

ಸಂಜೆ ಮಗಳ ಬೆನ್ನು ಮುಟ್ಟಿದೆ. ಆ ಉರಿಸೆಕೆಯಲ್ಲೂ ಅಂಗೈಯಷ್ಟು ಜಾಗ ತಣ್ಣಗಿತ್ತು.

"ಇವತ್ತ ಛಲೋ ನಿದ್ದಿ ಬಂತವ್ವಾ," ಎಂದಳು. ಒಬ್ಬಳೇ ಇದ್ದಾಗ ಎಂದೂ ಅಳದೆ ಮಲಗಿದವಳಲ್ಲ.

ಸೋಮವಾರ ಮತ್ತೆ ಅದೇ ಸದ್ದು. ಗುಂಡಿ ಒತ್ತಿ, "ಯಾರದು?" ಎಂದೆ. ಸದ್ದು ನಿಂತಿತು. ಮಗಳು ಕಣ್ಣು ತೆರೆಯದೆಯೇ ಅಳತೊಡಗಿದಳು.

"ಅವ್ವಾ, ಯಾಕ ನಿಲ್ಲಿಸಿದಿ? ತಟ್ಟು."

ನಾನು ಬಸ್ ಹಿಡಿದು ಮನೆ ಮುಟ್ಟಲು ಒಂದೂವರೆ ತಾಸು ಬೇಕು. ರಜೆ ಕೇಳುವ ಹಾಗೂ ಇರಲಿಲ್ಲ. ಅವಳ ಅಳುವನ್ನು ಬಹಳ ಹೊತ್ತು ಕೇಳಿಸಿಕೊಂಡೆ.

ಆಮೇಲೆ ಗುಂಡಿ ಒತ್ತಿ, ಮೆಲ್ಲಗೆ, "ತಟ್ರೀ," ಎಂದೆ.

ಸದ್ದು ಮತ್ತೆ ಶುರುವಾಯಿತು.