ಚುಕ್ಕಿ ‘ಐತೆ’ ಅಂದರೆ ತಪ್ಪೇನು?

“ಹಂಗಾದ್ರೆ ಕಳ್ಳ ನರಿ ಮಾತ್ರ ಯಾಕ್ ಸಾರ್ ‘ಐತೆ’ ಅಂತದೆ?”

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಸಿರಿ ಕೇಳಿದಳು. ಗಾಜಿನ ಆಚೆ ಕೂತಿದ್ದ ದೀಪು ಕೈಯಲ್ಲಿದ್ದ ಕಥೆಯ ಹಾಳೆಗಳನ್ನು ತಿರುವಿ ನೋಡಿದ.

ರಾಮನಗರದ ಆ ಪುಟ್ಟ ಸ್ಟುಡಿಯೋದಲ್ಲಿ ಮಕ್ಕಳ ಟೀವಿ ಪಾಠದ ರೆಕಾರ್ಡಿಂಗ್ ನಡೆದಿತ್ತು. ಕಥೆ ಬರೆದವನು ದೀಪು. ಎಣಿಕೆ ಕಲಿಸುವ ಜಾಣ ಗೊಂಬೆ ಚುಕ್ಕಿಗೆ ದನಿ ಕೊಡಲು ಬಂದವಳು ಹೊಂಗನೂರಿನ ನರ್ಸರಿ ಟೀಚರ್ ಸಿರಿ. ಅವಳು ‘ಐತೆ’ ಅಂದಾಗಲೆಲ್ಲ ಅವನು ‘ಇದೆ’ ಎಂದು ತಿದ್ದುತ್ತಿದ್ದ. ಅದೇ ಕಥೆಯ ಕಳ್ಳ ನರಿಗೂ ಪೆದ್ದ ಕತ್ತೆಗೂ ಹಳ್ಳಿ ಮಾತು!

ಮುಂದಿನ ವಾರ ಅವನು ಕಥೆಯನ್ನೇ ಬದಲಿಸಿ ತಂದ. ಚುಕ್ಕಿ ಈಗ ಸಿರಿಯ ಹಾಗೇ ಮಾತಾಡುತ್ತಿದ್ದಳು.

“ತಿದ್ದಿಕೊಳ್ಳಬೇಕಾದವನು ನಾನು,” ಅಂದ. ಅಷ್ಟೇ.

ಆಮೇಲೆ ಕೆಲಸ ಮುಗಿದರೂ ಟೀ ಅಂಗಡಿಯ ಮುಂದೆ ಅವರ ಮಾತು ಮುಗಿಯುತ್ತಿರಲಿಲ್ಲ. ಅವಳು ಹತ್ತಬೇಕಾದ ಚನ್ನಪಟ್ಟಣದ ಬಸ್ಸು ಬಂದರೆ, ಇನ್ನೊಂದು ಬರುತ್ತದೆ ಬಿಡಿ ಅನ್ನುತ್ತಿದ್ದ ದೀಪು. ಅವಳೂ ಬಿಡುತ್ತಿದ್ದಳು.

‘ಪೇಟೆಯವನು... ಇಷ್ಟು ಚೆಂದದ ಕನ್ನಡ. ನನ್ನಂಥವಳನ್ನು ಮೆಚ್ಚುತ್ತಾನಾ?’

ಮೊದಲ ಪಾಠ ಪ್ರಸಾರವಾದ ದಿನ ಸಿರಿ ತನ್ನ ತರಗತಿಯ ಮಕ್ಕಳನ್ನೆಲ್ಲ ಶಾಲೆಯ ಟೀವಿ ಮುಂದೆ ಕೂರಿಸಿದಳು. ಚುಕ್ಕಿ ಬಾಯಿ ತೆರೆದಳು...

ಬೇರೆ ಯಾರದೋ ದನಿ! “ಇಲ್ಲಿ ಹಣ್ಣುಗಳಿವೆ, ಎಣಿಸೋಣವೇ?”

ಮಿಸ್, ನಿಮ್ಮ ದನಿ ಎಲ್ಲಿ ಎಂದು ಪುಟ್ಟ ಜಾರಾ ಕೇಳಿದಳು. ಸಂಜೆ ಸಿರಿ ದೀಪುವಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಅವನು ಎತ್ತಲೇ ಇಲ್ಲ.

‘ಮೆಚ್ಚಿದ ಹಾಗೆ ನಟಿಸಿದನಾ?’

ಅತ್ತುಕೊಂಡು ಮನೆಯಲ್ಲಿ ಕೂರುವ ಜಾಯಮಾನ ಅವಳದ್ದಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ನಿರ್ಮಾಪಕ ನಾಗರಾಜು ಅವರ ಕೋಣೆಗೆ ನೇರ ನುಗ್ಗಿದಳು. ದೀಪುವೂ ಅಲ್ಲೇ ನಿಂತಿದ್ದ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ.

ಇಂಥ ಮಾತು ಕೇಳಿದರೆ ಮಕ್ಕಳ ಭಾಷೆ ಕೆಡುತ್ತದೆ, ಅದಕ್ಕೇ ದನಿ ಬದಲಿಸಿದೆ ಎಂದರು ನಾಗರಾಜು.

“ನಮ್ ಮಕ್ಳು ಮನೇಲಿ ಆಡೋ ಮಾತು ಸಾರ್ ಅದು,” ಅಂದಳು ಸಿರಿ. “ಟೀವೀಲಿ ಅದು ಕಳ್ಳನ ಬಾಯಲ್ಲಿ ಮಾತ್ರ ಬಂದ್ರೆ, ಅವು ತಮ್ಮನ್ನ ಏನಂತ ತಿಳ್ಕಬೇಕು? ನನ್ ದನಿ ಬ್ಯಾಡ ಅಂದ್ರೆ ಬುಡಿ. ಆ ಮಾತು ಬ್ಯಾಡ ಅನ್ಬ್ಯಾಡಿ.”

ಆಗ ದೀಪು ಮುಂದೆ ಬಂದ.

“ಸಾರ್, ನಾನೂ ಹಳ್ಳಿಯೋನೇ, ಕೈಲಾಂಚದೋನು. ನಮ್ಮವ್ವ ಆಡೋದೂ ಇದೇ ಮಾತು. ಇಸ್ಕೂಲಲ್ಲಿ ನಗ್ತಾರೆ ಅಂತ ನಾನು ಬುಟ್ಬುಟ್ಟೆ. ಇವ್ರ ದನಿ ಇಲ್ದೆ ಇದ್ರೆ ನನ್ ಹೆಸ್ರೂ ಬ್ಯಾಡ, ತೆಗ್ದಾಕಿ.”

ಸಿರಿ ಬೆರಗಾಗಿ ಅವನನ್ನೇ ನೋಡಿದಳು. ಅವನ ಬಾಯಲ್ಲಿ ಈ ಮಾತು ಅವಳು ಕೇಳಿದ್ದು ಇದೇ ಮೊದಲು.

ನಾಗರಾಜು ಬಹಳ ಹೊತ್ತು ಸಿಡುಕಿದರು. ಕೊನೆಗೆ, ಮುಂದಿನ ಪಾಠ ಇವಳ ದನಿಯಲ್ಲೇ ಹೋಗಲಿ, ಆದರೆ ನೋಡುಗರಿಂದ ಬೈಗುಳ ಬಂದರೆ ನೀವೇ ಉತ್ತರ ಕೊಡಬೇಕು ಎಂದರು.

“ಕೊಡ್ತೀವಿ,” ಅಂದರು ಇಬ್ಬರೂ.

ಹೊರಗೆ ಬಂದಮೇಲೂ ಸಿರಿಯ ಕೋಪ ಇಳಿದಿರಲಿಲ್ಲ.

“ಫೋನ್ ಯಾಕೆ ಎತ್ಲಿಲ್ಲ?”

“ಏನಂತ ಎತ್ಲಿ? ದನಿ ಬದ್ಲಾಗಿರೋದು ನಂಗೂ ಟೀವೀಲಿ ಕೇಳ್ದಾಗ್ಲೇ ಗೊತ್ತಾಗಿದ್ದು. ಸರಿ ಮಾಡ್ದೆ ನಿಂಗೆ ಮಕ ತೋರ್ಸಕ್ಕೆ ನಾಚ್ಕೆ ಆಯ್ತು.”

ಅವಳ ಕಣ್ಣು ತುಂಬಿತು. “ಒಂದ್ ಮಾತು ಹೇಳಿದ್ರೆ ನಾನೂ ಜೊತೇಲಿ ಜಗಳ ಆಡ್ತಿರ್ಲಿಲ್ವಾ?”

“ಇನ್ಮೇಲೆ ಜೊತೇಲೇ ಆಡಾಣ. ಸಾಯೋಗಂಟ.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ನಿನ್ ಮ್ಯಾಲೆ ಪ್ರಾಣಾನೇ ಇಟ್ಕೊಂಡಿವ್ನಿ ಸಿರಿ. ನಮ್ಮವ್ವನ್ನ ನೋಡಕ್ಕೆ ಬತ್ತೀಯಾ?”

“ಅವ್ವನ್ ತಾವ ನನ್ನ ಏನಂತ ಹೇಳ್ತೀಯ?”

“ನೀನು ಏನ್ ಅನ್ನು ಅಂತೀಯೋ ಅದೇ.”

ಸಿರಿ ಮೆಲ್ಲಗೆ ಅವನ ಕೈ ಹಿಡಿದಳು. “ಸೊಸೆ ಅನ್ನು.”